ಅಮೆರಿಕ ಪೌರತ್ವ ಸಂದರ್ಶನ: ಸರ್ಕಾರದ ಭಾಗ ಮಾತ್ರ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ನದಿದಂಡೆ:
ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ, ಅಂದರೆ 2025ರಲ್ಲಿ, ಪೌರತ್ವದ ಅರ್ಜಿ ಎನ್-400 ಹಾಕಿದೆ. ಬೆರಳಚ್ಚು ಕೊಟ್ಟಾಗಿದೆ, ಈಗ ಸಂದರ್ಶನದ ಪತ್ರಕ್ಕೆ ಕಾಯುತ್ತಿದ್ದೇನೆ. ನಮ್ಮ ಯಜಮಾನರು ನನಗಿಂತ ಮೊದಲೇ, ಬೇಸಿಗೆಯಲ್ಲಿ ಹಾಕಿದ್ದರು. ಸಂದರ್ಶನಕ್ಕೆ ಓದಬೇಕಾದ ಪ್ರಶ್ನೆಗಳು ಅವರ ಪಟ್ಟಿಯಲ್ಲಿ 100, ನನ್ನದರಲ್ಲಿ 128. ಒಂದೇ ಮನೆಯಲ್ಲಿ ಎರಡು ಸಿಲಬಸ್!

ಇತಿಹಾಸ ನನಗೆ ಕಷ್ಟ ಅನ್ನಿಸಲಿಲ್ಲ. ವಸಾಹತುಗಳು, ಸ್ವಾತಂತ್ರ್ಯ ಯುದ್ಧ, ಅಂತರ್ಯುದ್ಧ, ಮಾರ್ಟಿನ್ ಲೂಥರ್ ಕಿಂಗ್ ಎಲ್ಲ ಒಂದರ ಹಿಂದೆ ಒಂದು ನೆನಪಿಗೆ ಬರುತ್ತವೆ. ಸರ್ಕಾರದ ಭಾಗಕ್ಕೆ ಬಂದ ಕೂಡಲೇ ಕಲಸುಮೇಲೋಗರ. ಯಾರಿಗೆ 2 ವರ್ಷ, ಯಾರಿಗೆ 4, ಯಾರಿಗೆ 6? ಯಾರು ಯಾರನ್ನು ನೇಮಿಸುತ್ತಾರೆ? ಸ್ಕೂಲಲ್ಲಿ ಲೋಕಸಭೆ, ರಾಜ್ಯಸಭೆ, ಪ್ರಧಾನಿ, ರಾಜ್ಯಪಾಲರು ಅಂತ ಓದಿದ ತಲೆ ಇದು. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಇರುವುದಿಲ್ಲ. ಈ ಭಾಗವನ್ನು ನೀವೆಲ್ಲ ಹೇಗೆ ದಾಟಿದಿರಿ?

ಬಿಸಿಲುಕುದುರೆ:
ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ಪ್ರಶ್ನೆಗಳೂ ಉತ್ತರಗಳೂ ಪೌರತ್ವದ ಅರ್ಜಿ ನೋಡುವ ಇಲಾಖೆ ಯುಎಸ್‌ಸಿಐಎಸ್‌ನ ಜಾಲತಾಣದಲ್ಲೇ ಬಿಟ್ಟಿ ಸಿಗುತ್ತವೆ. ಕಾರು ಓಡಿಸುವಾಗ ಆಡಿಯೋ ಹಾಕಿಕೊಳ್ಳಿ, ತಾನಾಗಿಯೇ ಬಾಯಿಗೆ ಬರುತ್ತದೆ. ನಾನು ಹಾಗೇ ಪಾಸಾದೆ. ಅಧಿಕಾರಿ ನಿಮ್ಮ ಹತ್ತಿರ ಭಾಷಣ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಪದ, ಹೆಚ್ಚೆಂದರೆ ಒಂದು ಸಾಲು.

ಹಳೇಬೇರು:
ಬಿಸಿಲುಕುದುರೆ ಅವರು ಹಳೆಯ 100 ಪ್ರಶ್ನೆಗಳ ಪರೀಕ್ಷೆ ಬರೆದವರು ಅಂತ ಕಾಣುತ್ತದೆ. ಅದಕ್ಕೆ ಆಡಿಯೋ ಸಾಕಿತ್ತು, ನಿಜ. 2025ರ ಅಕ್ಟೋಬರ್ 20 ಅಥವಾ ಅದರ ನಂತರ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ಯಜಮಾನರಿಗೆ 10 ಪ್ರಶ್ನೆ ಕೇಳಿ 6 ಸರಿಯಾದರೆ ಆಯಿತು. ನಿಮಗೆ 20ರ ತನಕ ಕೇಳಬಹುದು, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ. 9 ತಪ್ಪಾದರೂ ಅಲ್ಲಿಗೇ ನಿಲ್ಲಿಸುತ್ತಾರೆ. 128ರಲ್ಲಿ ಮೊದಲ 72 ಪ್ರಶ್ನೆಗಳು ಸರ್ಕಾರದ ಭಾಗದವೇ. ಇತಿಹಾಸದ ಬಲದ ಮೇಲೆ ದಾಟಿಬಿಡುತ್ತೇನೆ ಅನ್ನುವ ಹಾಗಿಲ್ಲ.

ಇನ್ನೊಂದು ವಿಷಯ, ಹೊಸ ಪಟ್ಟಿಯಲ್ಲಿ 'ಯಾಕೆ' ಅನ್ನುವ ಪ್ರಶ್ನೆಗಳಿವೆ. ರೆಪ್ರೆಸೆಂಟೇಟಿವ್‌ಗಳ (ಕೆಳಮನೆ ಹೌಸ್‌ನ ಸದಸ್ಯರು) ಅವಧಿ ಸೆನೆಟರ್‌ಗಳಿಗಿಂತ (ಮೇಲ್ಮನೆ ಸೆನೆಟ್‌ನವರು) ಕಡಿಮೆ ಯಾಕೆ? ಪ್ರತಿ ರಾಜ್ಯಕ್ಕೂ ಇಬ್ಬರೇ ಸೆನೆಟರ್ ಯಾಕೆ? ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಜೀವನಪೂರ್ತಿ ಹುದ್ದೆ ಯಾಕೆ? ಇಂಥವಕ್ಕೆ ಬಾಯಿಪಾಠದ ಸಾಲು ಮರೆತರೂ ವಿಷಯ ಗೊತ್ತಿದ್ದರೆ ಸ್ವಂತ ಮಾತಿನಲ್ಲಿ ಹೇಳಬಹುದು. ವಿಷಯವೇ ಗೊತ್ತಿಲ್ಲದಿದ್ದರೆ ಸುಮ್ನೆ ಕೂರಬೇಕಾಗುತ್ತದೆ.

ನಮ್ಮ ಕಡೆಯವರಿಗೆ ತೊಡಕಾಗುವುದು ಒಂದೇ ಜಾಗದಲ್ಲಿ. ಭಾರತದಲ್ಲಿ ಸರ್ಕಾರ ಹುಟ್ಟುವುದು ಸಂಸತ್ತಿನ ಒಳಗಿಂದ. ಲೋಕಸಭೆಯಲ್ಲಿ ಬಹುಮತ ಇದ್ದವರು ಪ್ರಧಾನಿ. ಸಂಸದರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೂ ಸದನಕ್ಕೆ ಬರಲೇಬೇಕು. ಬಹುಮತ ಹೋಯಿತೋ, ಸರ್ಕಾರವೂ ಹೋಯಿತು. ಅಮೆರಿಕದಲ್ಲಿ ಇದು ಪೂರ್ತಿ ಉಲ್ಟಾ. ಅಧ್ಯಕ್ಷರ ಚುನಾವಣೆಯೇ ಬೇರೆ, ಕಾಂಗ್ರೆಸ್ಸಿನ, ಅಂದರೆ ಇಲ್ಲಿಯ ಸಂಸತ್ತಿನ, ಚುನಾವಣೆಯೇ ಬೇರೆ. ಕಾಂಗ್ರೆಸ್ ಸದಸ್ಯರು ಸದಸ್ಯರಾಗಿ ಇರುವಷ್ಟು ದಿನ ಕ್ಯಾಬಿನೆಟ್‌ನಲ್ಲಿ ಕೂರುವ ಹಾಗೇ ಇಲ್ಲ, ಸಂವಿಧಾನದ ಮೊದಲ ವಿಧಿಯೇ ಬೇಡ ಅನ್ನುತ್ತದೆ. ಸೆನೆಟರ್ ಒಬ್ಬರು ವಿದೇಶಾಂಗ ಇಲಾಖೆಗೆ ಹೋಗಬೇಕಾದರೆ ಸೆನೆಟ್ ಬಿಡಬೇಕು. ಅವಿಶ್ವಾಸ ನಿರ್ಣಯ ಅನ್ನುವುದು ಇಲ್ಲವೇ ಇಲ್ಲ. ಅಧ್ಯಕ್ಷರ ಪಕ್ಷ ಎರಡೂ ಸದನಗಳಲ್ಲಿ ಸೋತು ಕೂತಿದ್ದರೂ ಅವರ 4 ವರ್ಷಕ್ಕೆ ಧಕ್ಕೆಯಿಲ್ಲ.

ಇದೊಂದು ಕೂತರೆ ಅರ್ಧ ಪಟ್ಟಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೂರು ಅಂಗಗಳು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತವೆ. ಯಾರು ಯಾವ ಬಾಗಿಲಿನಿಂದ ಬಂದರು, ಅವರನ್ನು ತಡೆಯುವವರು ಯಾರು, ಇವೆರಡನ್ನು ಕೇಳಿಕೊಳ್ಳುತ್ತಾ ಓದಿ.

ತುಂಗಾತೀರ:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ಸೆನೆಟ್ ನಮ್ಮ ರಾಜ್ಯಸಭೆ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಆರು ವರ್ಷ, ಎರಡೆರಡು ವರ್ಷಕ್ಕೆ ಮೂರನೇ ಒಂದು ಭಾಗ ಹೊಸದು, ರಾಜ್ಯದ ಶಾಸಕರು ಆರಿಸಿ ಕಳಿಸುವುದು. ನಾನು ಹೀಗೇ ನೆನಪಿಟ್ಟುಕೊಂಡಿದ್ದೇನೆ.

ಹಳೇಬೇರು:
ಮೊದಲ ಎರಡು ಸರಿ, ಕೊನೆಯದು ಅಲ್ಲ. ಶಾಸಕರು ಆರಿಸುತ್ತಿದ್ದ ಕಾಲ ಇತ್ತು. 1913ರ 17ನೇ ತಿದ್ದುಪಡಿಯ ನಂತರ ಸೆನೆಟರ್‌ಗಳನ್ನು ಜನರೇ ನೇರ ಆರಿಸುತ್ತಾರೆ. ಸಂಖ್ಯೆಯಲ್ಲೂ ಹೋಲಿಕೆ ಇಲ್ಲ. ರಾಜ್ಯಸಭೆಯಲ್ಲಿ ದೊಡ್ಡ ರಾಜ್ಯಕ್ಕೆ ಜಾಸ್ತಿ ಸ್ಥಾನ. ಇಲ್ಲಿ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ವಯೋಮಿಂಗ್‌ಗೂ ಇಬ್ಬರು. 50 ರಾಜ್ಯ, 100 ಸೆನೆಟರ್. ಜನಸಂಖ್ಯೆ ನೋಡಿ ಸ್ಥಾನ ಹಂಚುವುದು ಹೌಸ್‌ನಲ್ಲಿ. 10 ವರ್ಷಕ್ಕೊಮ್ಮೆ ಜನಗಣತಿ, ಅದರ ಮೇಲೆ 435 ಸ್ಥಾನಗಳ ಹಂಚಿಕೆ.

ಕಾಫಿಬಟ್ಟಲು:
ವರ್ಷಗಳ ಲೆಕ್ಕಕ್ಕೆ ನನ್ನದೊಂದು ಉಪಾಯ. ನವೆಂಬರ್ ಚುನಾವಣೆಯನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಪ್ರತಿ ಸಮ ಸಂಖ್ಯೆಯ ವರ್ಷ ಹೌಸ್‌ನ 435 ಜನರೂ ಮತ ಕೇಳಲು ಬರುತ್ತಾರೆ. ಜೊತೆಗೆ ಸೆನೆಟ್‌ನ ಮೂರನೇ ಒಂದು ಭಾಗ. ಒಂದು ಬಿಟ್ಟು ಒಂದು ಸಲ ಅಧ್ಯಕ್ಷರೂ ಬರುತ್ತಾರೆ. 2024ರಲ್ಲಿ ಅಧ್ಯಕ್ಷರ ಚುನಾವಣೆ ಇತ್ತು, 2026ರಲ್ಲಿ ಇಲ್ಲ, 2028ರಲ್ಲಿ ಇರುತ್ತದೆ. 2, 4, 6 ತಾನಾಗಿ ಕೂರುತ್ತದೆ. ಹೌಸ್‌ನವರಿಗೆ ಎರಡೇ ವರ್ಷ ಯಾಕೆ ಅನ್ನುವುದೂ ಇದರಲ್ಲೇ ಇದೆ. ಬೇಗ ಬೇಗ ಮತ ಕೇಳಬೇಕಾದವರು ಜನ ಏನನ್ನುತ್ತಾರೆ ಅಂತ ಕಿವಿಗೊಡಲೇಬೇಕು, ಅಲ್ವಾ?

ನದಿದಂಡೆ:
ಹಳೇಬೇರು ಅಣ್ಣ, ಬೇರೆ ಬೇರೆ ಬಾಗಿಲಿನ ಮಾತು ಹಿಡಿಸಿತು. ಆದರೆ ಉಪಾಧ್ಯಕ್ಷರು ಸೆನೆಟ್‌ನಲ್ಲಿ ಏನು ಮಾಡುತ್ತಿದ್ದಾರೆ? ಅಧ್ಯಕ್ಷರೂ ಉಪಾಧ್ಯಕ್ಷರೂ ಇಲ್ಲದಿದ್ದರೆ ಸ್ಪೀಕರ್ ಅಂತ ಬೇರೆ ಇದೆ. ಸ್ಪೀಕರ್ ಅಂದರೆ ಸದನದಲ್ಲಿ ಗಲಾಟೆ ಮಾಡಬೇಡಿ ಅನ್ನುವವರು ಅಂತ ನನ್ನ ಲೆಕ್ಕ. ಅವರು ಹೇಗೆ ಅಧ್ಯಕ್ಷರ ಸಾಲಿನಲ್ಲಿ?

ಹಳೇಬೇರು:
ಉಪಾಧ್ಯಕ್ಷರ ವಿಷಯದಲ್ಲಿ ಮಾತ್ರ ಎರಡೂ ದೇಶ ಒಂದೇ. ಭಾರತದ ಉಪರಾಷ್ಟ್ರಪತಿ ರಾಜ್ಯಸಭೆಯ ಸಭಾಪತಿ. ಇಲ್ಲಿಯ ಉಪಾಧ್ಯಕ್ಷರು ಸೆನೆಟ್‌ನ ಅಧ್ಯಕ್ಷತೆ ವಹಿಸುತ್ತಾರೆ, ಮತ ಸಮಸಮ ಬಿದ್ದಾಗ ಮಾತ್ರ ತಮ್ಮ ಮತ ಹಾಕುತ್ತಾರೆ. 100 ಜನರ ಸದನ, 50-50 ಆಗುವುದು ಅಪರೂಪವೇನಲ್ಲ.

ಸ್ಪೀಕರ್ ವಿಷಯದಲ್ಲಿ ಮಾತ್ರ ನಮ್ಮ ಅಂದಾಜು ಕೈಕೊಡುತ್ತದೆ. ಭಾರತದಲ್ಲಿ ಸ್ಪೀಕರ್ ಪಕ್ಷ ಬದಿಗಿಟ್ಟು ಕೂರಬೇಕು ಅನ್ನುವ ನಿರೀಕ್ಷೆ. ಇಲ್ಲಿ ಸ್ಪೀಕರ್ ಹೌಸ್‌ನ ಬಹುಮತದ ಪಕ್ಷದ ನಾಯಕರೇ. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಕಪಾಟಿನಲ್ಲೇ ಉಳಿಯಬೇಕು ಅನ್ನುವುದರಲ್ಲಿ ಅವರ ಮಾತು ದೊಡ್ಡದು. 1947ರ ಕಾನೂನಿನ ಪ್ರಕಾರ ಉಪಾಧ್ಯಕ್ಷರ ನಂತರದ ಸ್ಥಾನ ಅವರದ್ದು.

ಚಳಿಗಾಲ:
ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ಮಾವನವರಿಗೆ 70 ದಾಟಿದೆ, ಗ್ರೀನ್ ಕಾರ್ಡ್ ಬಂದು 12 ವರ್ಷ. ಇಂಗ್ಲಿಷ್ ಅಷ್ಟಕ್ಕಷ್ಟೇ. ವಯಸ್ಸಾದವರಿಗೆ ಸುಲಭ ಪರೀಕ್ಷೆ ಇದೆ ಅಂತ ಯಾರೋ ಹೇಳಿದರು. ಕನ್ನಡದಲ್ಲೇ ಉತ್ತರ ಹೇಳಬಹುದಾ?

ಕಾಫಿಬಟ್ಟಲು:
ವಯಸ್ಸೊಂದೇ ಸಾಲದು, ಗ್ರೀನ್ ಕಾರ್ಡ್‌ನ ವರ್ಷಗಳೂ ಬೇಕು. ಅರ್ಜಿ ಹಾಕುವ ದಿನಕ್ಕೆ 50 ವಯಸ್ಸು ಮತ್ತು 20 ವರ್ಷ, ಇಲ್ಲವೇ 55 ವಯಸ್ಸು ಮತ್ತು 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸರ್ಕಾರ ಮತ್ತು ಇತಿಹಾಸದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಹೇಳಬಹುದು, ಭಾಷಾಂತರಕಾರರನ್ನು ನೀವೇ ಕರೆದುಕೊಂಡು ಹೋಗಬೇಕು. 65 ವಯಸ್ಸು ಮತ್ತು 20 ವರ್ಷ ಆಗಿದ್ದರೆ ಇನ್ನೂ ಹಗುರ. ನಕ್ಷತ್ರ ಗುರುತಿನ 20 ಪ್ರಶ್ನೆ ಓದಿದರೆ ಸಾಕು, 10 ಕೇಳುತ್ತಾರೆ, 6 ಸರಿಯಾಗಬೇಕು.

ಮಾವನವರಿಗೆ 12 ವರ್ಷ ಅಂದರೆ ಈಗ ಯಾವುದೂ ಹೊಂದುವುದಿಲ್ಲ. ಇನ್ನು 3 ವರ್ಷ ಕಾದರೆ 55-15ರ ಸಾಲಿಗೆ ಬರುತ್ತಾರೆ. ಕಾಯುವುದೋ, ಈಗಲೇ ಇಂಗ್ಲಿಷ್‌ನಲ್ಲಿ ಪ್ರಯತ್ನಿಸುವುದೋ ಮನೆಯಲ್ಲಿ ಕೂತು ಮಾತಾಡಿ. ಎನ್-648 ಅಂತ ಇನ್ನೊಂದು ಫಾರ್ಮ್ ಇದೆ. ಕಾಯಿಲೆ ಅಥವಾ ನ್ಯೂನತೆಯಿಂದ ಕಲಿಯಲು ಆಗುವುದಿಲ್ಲ ಅಂತ ವೈದ್ಯರು ಬರೆದುಕೊಡುವುದು ಅದು. ಬರೀ ವಯಸ್ಸಾಯಿತು ಅನ್ನುವುದಕ್ಕೆ ನಡೆಯುವುದಿಲ್ಲ.

ಚಳಿಗಾಲ:
ಬಹಳ ಉಪಕಾರ. ಮಾವನವರಿಗೆ ಹೇಳಿದೆ. ಕಾಯುವುದಿಲ್ಲವಂತೆ, ಇಂಗ್ಲಿಷೇ ಕಲಿಯುತ್ತಾರಂತೆ!

ತುಂಗಾತೀರ:
ಮೂಲ ವಿಷಯಕ್ಕೆ ಬರೋಣ. ನನಗೆ ಇವತ್ತಿಗೂ ಅರ್ಥವಾಗದ್ದು ಎಲೆಕ್ಟೋರಲ್ ಕಾಲೇಜ್. ಜನ ಮತ ಹಾಕುತ್ತಾರೆ, ಆದರೆ ಜನ ಆರಿಸುವುದಿಲ್ಲ ಅಂದರೆ ಏನು ಕಥೆ?

ಹಳೇಬೇರು:
ಮೊದಲು ಲೆಕ್ಕ. ಪ್ರತಿ ರಾಜ್ಯಕ್ಕೂ ಅದರ ಹೌಸ್ ಸದಸ್ಯರು ಮತ್ತು ಸೆನೆಟರ್‌ಗಳು ಎಷ್ಟೋ ಅಷ್ಟು ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸಲು ಕೊನೆಯ ಮತ ಹಾಕುವವರು. 435 ಮತ್ತು 100 ಸೇರಿದರೆ 535. ವಾಷಿಂಗ್ಟನ್ ಡಿಸಿಗೆ 23ನೇ ತಿದ್ದುಪಡಿಯಿಂದ 3. ಒಟ್ಟು 538, ಗೆಲ್ಲಲು 270. 48 ರಾಜ್ಯಗಳಲ್ಲಿ ಒಂದು ಮತ ಜಾಸ್ತಿ ಬಂದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ಹೋಗುತ್ತಾರೆ. ಮೇಯ್ನ್ ಮತ್ತು ನೆಬ್ರಾಸ್ಕಾದಲ್ಲಿ ಮಾತ್ರ ಕ್ಷೇತ್ರವಾರು ಹಂಚುತ್ತಾರೆ. ಹಾಗಾಗಿ ದೇಶದಲ್ಲಿ ಒಟ್ಟು ಜಾಸ್ತಿ ಮತ ಪಡೆದವರು ಸೋಲುವುದುಂಟು. 2000ದಲ್ಲಿ ಆಯಿತು, 2016ರಲ್ಲಿ ಆಯಿತು.

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಜನ ನೇರ ಮತ ಹಾಕುವುದಿಲ್ಲ, ಸಂಸದರು ಶಾಸಕರು ಹಾಕುತ್ತಾರೆ. ವ್ಯತ್ಯಾಸ ಎಂದರೆ ಇಲ್ಲಿ ಸಂಸದರು ಎಲೆಕ್ಟರ್ ಆಗುವುದಿಲ್ಲ. ಕಾಂಗ್ರೆಸ್ ಸದಸ್ಯರು ಎಲೆಕ್ಟರ್ ಆಗಬಾರದು ಅಂತ ಸಂವಿಧಾನದಲ್ಲೇ ಇದೆ. ಮತ್ತೆ ಅದೇ ಬೇರೆ ಬಾಗಿಲು. ಯಾರಿಗೂ 270 ಬರದಿದ್ದರೆ ಮಾತ್ರ ಹೌಸ್‌ಗೆ ಹೋಗುತ್ತದೆ. ಆಗ ಒಂದು ರಾಜ್ಯಕ್ಕೆ ಒಂದೇ ಮತ.

ಬಿಸಿಲುಕುದುರೆ:
ಇದು ಅನ್ಯಾಯ ಅಲ್ವಾ? ನನ್ನ ರಾಜ್ಯದಲ್ಲಿ ಫಲಿತಾಂಶ ಮೊದಲೇ ಗೊತ್ತು. ನನ್ನ ಮತಕ್ಕೆ ಏನು ಬೆಲೆ?

ತುಂಗಾತೀರ:
ಸಣ್ಣ ರಾಜ್ಯದವರನ್ನು ಕೇಳಿ. ಇದಿಲ್ಲದಿದ್ದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ ಅನ್ನುತ್ತಾರೆ.

ಕಾಫಿಬಟ್ಟಲು:
ಇಬ್ಬರೂ ಸೇರಿ ಇಲ್ಲಿ ಚುನಾವಣೆ ನಡೆಸಬೇಡಿ ಮಾರಾಯ್ರೆ. ಸಂದರ್ಶನದಲ್ಲಿ ಅಧಿಕಾರಿ ಕೇಳಿದರೆ ಅದು ಅಧ್ಯಕ್ಷರನ್ನು ಆರಿಸುವ ವ್ಯವಸ್ಥೆ ಅಂತ ಹೇಳಿ ಮುಂದೆ ಹೋಗಿ. ನಿಮ್ಮ ಅಭಿಪ್ರಾಯವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ನದಿದಂಡೆ:
ಅಂಗಗಳು ಒಂದನ್ನೊಂದು ತಡೆಯುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೀರಾ? ಪುಸ್ತಕದಲ್ಲಿ ಬಾಣದ ಗುರುತು ಹಾಕಿದ ಚಿತ್ರ ಇದೆ. ಬಾಣಗಳು ಎಲ್ಲ ಕಡೆಯಿಂದ ಎಲ್ಲ ಕಡೆಗೂ ಹೋಗುತ್ತವೆ!

ಹಳೇಬೇರು:
ಒಂದು ಮಸೂದೆಯ ಹಿಂದೆ ಹೋಗಿ. ತೆರಿಗೆಯದ್ದು ಅಂತ ಇಟ್ಟುಕೊಳ್ಳಿ, ಅದು ಹೌಸ್‌ನಲ್ಲೇ ಶುರುವಾಗಬೇಕು. ಹೌಸ್ ಒಪ್ಪಿತು. ಸೆನೆಟ್ ಒಂದು ಸಾಲು ಬದಲಿಸಿದರೆ ಮತ್ತೆ ಹೌಸ್‌ಗೆ ಬರಬೇಕು, ಯಾಕೆಂದರೆ ಎರಡೂ ಕಡೆ ಅಕ್ಷರ ಬಿಡದೆ ಒಂದೇ ಪಠ್ಯ ಪಾಸಾಗಬೇಕು. ಆಮೇಲೆ ಅಧ್ಯಕ್ಷರ ಮೇಜಿಗೆ. ಸಹಿ ಹಾಕಿದರೆ ಕಾನೂನು. ವೀಟೊ ಮಾಡಿದರೆ ವಾಪಸ್. ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಮತ ಬಿದ್ದರೆ ಅಧ್ಯಕ್ಷರ ಸಹಿ ಇಲ್ಲದೆಯೂ ಕಾನೂನಾಗುತ್ತದೆ. ಅಷ್ಟಾದ ಮೇಲೂ ಯಾರೋ ಒಬ್ಬರು ಕೋರ್ಟಿಗೆ ಹೋದರೆ, ಇದು ಸಂವಿಧಾನಕ್ಕೆ ವಿರುದ್ಧ ಅಂತ ನ್ಯಾಯಾಲಯ ಹೊಡೆದುಹಾಕಬಹುದು. ಸಂವಿಧಾನದಲ್ಲಿ ಈ ಕೊನೆಯ ಅಧಿಕಾರವನ್ನು ಬಿಡಿಸಿ ಬರೆದಿಲ್ಲ. 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ಮೊಕದ್ದಮೆಯಿಂದ ಗಟ್ಟಿಯಾಗಿ ನಿಂತಿತು.

ಇನ್ನು ಆ ನ್ಯಾಯಮೂರ್ತಿಗಳು ಎಲ್ಲಿಂದ ಬಂದರು? ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಟ್ಟು 9 ಜನ, ಒಂದು ಮೊಕದ್ದಮೆ ತೀರ್ಮಾನವಾಗಲು ಸಾಮಾನ್ಯವಾಗಿ 5 ಜನ ಬೇಕು. ಭಾರತದಲ್ಲಿ 65ಕ್ಕೆ ನಿವೃತ್ತಿ, ಇಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ಮುಂದಿನ ಚುನಾವಣೆಯ ಭಯ ಇಲ್ಲದೆ ತೀರ್ಪು ಕೊಡಲಿ ಅಂತ. ನಿಮ್ಮ 'ಯಾಕೆ' ಪ್ರಶ್ನೆಗೆ ಉತ್ತರ ಇದೇ.

ಹೊಂದಿಕೆ ಆಗದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾವೇ ನೋಡಿದ್ದೇವೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ ಖರ್ಚಿನ ಮಸೂದೆ ಪಾಸಾಗದೆ ಎಷ್ಟೋ ಸರ್ಕಾರಿ ಕಚೇರಿಗಳು ಮುಚ್ಚಿದ್ದವು. ಭಾರತದಲ್ಲಿ ಲೋಕಸಭೆ ಬಜೆಟ್ ತಿರಸ್ಕರಿಸಿದರೆ ಸರ್ಕಾರ ರಾಜೀನಾಮೆ ಕೊಡಬೇಕಾಗುತ್ತದೆ. ಇಲ್ಲಿ ಕಚೇರಿಗೆ ಬೀಗ ಬಿತ್ತು, ಅಧ್ಯಕ್ಷರು ಅಧ್ಯಕ್ಷರಾಗಿಯೇ ಇದ್ದರು, ಕಾಂಗ್ರೆಸ್ ಕಾಂಗ್ರೆಸ್ಸಾಗಿಯೇ ಇತ್ತು. ಅಂದಹಾಗೆ ಯುಎಸ್‌ಸಿಐಎಸ್ ಬಹುಪಾಲು ನಾವು ಕಟ್ಟುವ ಶುಲ್ಕದಿಂದಲೇ ನಡೆಯುತ್ತದೆ, ಹಾಗಾಗಿ ಅಲ್ಲಿ ಕೆಲಸ ಹೆಚ್ಚುಕಡಿಮೆ ನಡೆಯುತ್ತಲೇ ಇತ್ತು.

ಬಿಸಿಲುಕುದುರೆ:
ಇಷ್ಟು ಓದಿದರೆ ವಕೀಲರಾಗಬಹುದು. ಆದರೆ ಓದಲು ಚೆನ್ನಾಗಿತ್ತು, ಒಪ್ಪುತ್ತೇನೆ.

ತುಂಗಾತೀರ:
ತಿದ್ದುಪಡಿಗಳ ಬಗ್ಗೆ ಯಾರೂ ಬರೆದಿಲ್ಲ. ಸಂವಿಧಾನ ಬರೆದದ್ದು 1787ರಲ್ಲಿ, ಇಲ್ಲಿಯ ತನಕ ತಿದ್ದುಪಡಿ 27. ಮೊದಲ ಹತ್ತು ಒಟ್ಟಿಗೆ 1791ರಲ್ಲಿ ಬಂದವು, ಅವೇ ಹಕ್ಕುಗಳ ಮಸೂದೆ. ಭಾರತದ ಸಂವಿಧಾನ 1950ರಲ್ಲಿ ಜಾರಿಗೆ ಬಂದು ಆಗಲೇ 100ಕ್ಕಿಂತ ಜಾಸ್ತಿ ತಿದ್ದುಪಡಿ ಕಂಡಿದೆ. ಇಲ್ಲಿ ಇಷ್ಟು ಕಡಿಮೆ ಯಾಕೆಂದರೆ ದಾರಿ ಅಷ್ಟು ಕಷ್ಟ. ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ, ಆಮೇಲೆ ಮುಕ್ಕಾಲು ರಾಜ್ಯಗಳು, ಅಂದರೆ 38 ರಾಜ್ಯಗಳು ಒಪ್ಪಬೇಕು.

27ನೆಯದರ ಕಥೆ ನನಗೆ ಬಹಳ ಇಷ್ಟ. ಕಾಂಗ್ರೆಸ್ ಸದಸ್ಯರ ಸಂಬಳ ಬದಲಾದರೆ ಅದು ಮುಂದಿನ ಚುನಾವಣೆ ಕಳೆದ ಮೇಲೇ ಜಾರಿಗೆ ಬರಬೇಕು ಅನ್ನುವುದು ಅದು. 1789ರಲ್ಲೇ ಕಾಂಗ್ರೆಸ್ ಒಪ್ಪಿ ರಾಜ್ಯಗಳಿಗೆ ಕಳಿಸಿತ್ತು, ಸಾಕಷ್ಟು ರಾಜ್ಯಗಳು ಒಪ್ಪಲಿಲ್ಲ, ಜನ ಮರೆತೇಬಿಟ್ಟರು. 1982ರಲ್ಲಿ ಟೆಕ್ಸಾಸ್‌ನ ಕಾಲೇಜು ವಿದ್ಯಾರ್ಥಿಯೊಬ್ಬ ಇದಕ್ಕೆ ಇನ್ನೂ ಜೀವ ಇದೆ ಅಂತ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡು! ಅವನು ಬಿಡದೆ ರಾಜ್ಯ ರಾಜ್ಯಗಳಿಗೆ ಪತ್ರ ಬರೆದ. 1992ರಲ್ಲಿ ತಿದ್ದುಪಡಿ ಸಂವಿಧಾನಕ್ಕೆ ಸೇರಿತು.

ಮತದಾನದ ತಿದ್ದುಪಡಿಗಳು ಮಾತ್ರ ಚೆನ್ನಾಗಿ ಓದಿಕೊಳ್ಳಿ. 15ನೆಯದು 1870ರಲ್ಲಿ ಬಂತು, ಜನಾಂಗ ನೋಡಿ ಮತ ನಿರಾಕರಿಸುವ ಹಾಗಿಲ್ಲ. 19ನೆಯದು 1920ರಲ್ಲಿ, ಹೆಣ್ಣುಮಕ್ಕಳಿಗೆ ಮತ. 24ನೆಯದು 1964ರಲ್ಲಿ, ಮತ ಹಾಕಲು ತೆರಿಗೆ ಕಟ್ಟಬೇಕಿಲ್ಲ. 26ನೆಯದು 1971ರಲ್ಲಿ, 18 ತುಂಬಿದವರಿಗೆ ಮತ.

ಚಳಿಗಾಲ:
ರಾಜ್ಯಕ್ಕೆ ಯಾವುದು, ಕೇಂದ್ರಕ್ಕೆ ಯಾವುದು ಅನ್ನುವುದಕ್ಕೆ ಏನಾದರೂ ಗುರುತಿದೆಯಾ? ಮಾವನವರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ಕಾಫಿಬಟ್ಟಲು:
ದಿನ ಕಣ್ಣಿಗೆ ಬೀಳುವುದರಿಂದ ಶುರು ಮಾಡಲಿ. ಡ್ರೈವಿಂಗ್ ಲೈಸೆನ್ಸ್ ಯಾರು ಕೊಟ್ಟರು? ರಾಜ್ಯ. ಮೊಮ್ಮಕ್ಕಳ ಶಾಲೆ, ಪೊಲೀಸರು, ಅಗ್ನಿಶಾಮಕ ದಳ, ಎಲ್ಲ ರಾಜ್ಯದ ಬಾಬತ್ತು. ನೋಟು ಮುದ್ರಿಸುವುದು, ಯುದ್ಧ ಸಾರುವುದು, ಸೇನೆ ಕಟ್ಟುವುದು, ಬೇರೆ ದೇಶದ ಜೊತೆ ಒಪ್ಪಂದ, ಇವು ವಾಷಿಂಗ್ಟನ್‌ಗೆ. ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ಬೇಡ ಅನ್ನದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು, ಅದು 10ನೇ ತಿದ್ದುಪಡಿ. ಭಾರತದಲ್ಲಿ ಪಟ್ಟಿಗಳಲ್ಲಿ ಇಲ್ಲದ್ದು ಕೇಂದ್ರಕ್ಕೆ ಹೋಗುತ್ತದೆ, ಇಲ್ಲಿ ಉಲ್ಟಾ. ಇಲ್ಲಿಯ ಗವರ್ನರ್‌ರನ್ನು ಯಾರೂ ದೆಹಲಿಯಿಂದ ಕಳಿಸಿದ ಹಾಗೆ ಕಳಿಸುವುದಿಲ್ಲ. ರಾಜ್ಯದ ಜನರೇ ಆರಿಸುತ್ತಾರೆ, ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ.

ಹಳೇಬೇರು:
ಹೆಸರು ಕೇಳುವ ಪ್ರಶ್ನೆಗಳ ಬಗ್ಗೆ ಒಂದು ಎಚ್ಚರಿಕೆ. ಅಧ್ಯಕ್ಷರು, ಉಪಾಧ್ಯಕ್ಷರು, ಸ್ಪೀಕರ್, ಮುಖ್ಯ ನ್ಯಾಯಮೂರ್ತಿ, ನಿಮ್ಮ ಸೆನೆಟರ್, ನಿಮ್ಮ ರೆಪ್ರೆಸೆಂಟೇಟಿವ್, ನಿಮ್ಮ ಗವರ್ನರ್ ಹೆಸರುಗಳನ್ನು ಹಳೆಯ ಪುಸ್ತಕದಿಂದ ಕಲಿಯಬೇಡಿ. ಸಂದರ್ಶನದ ದಿನ ಯಾರು ಹುದ್ದೆಯಲ್ಲಿದ್ದಾರೋ ಅವರೇ ಉತ್ತರ. ಈ ವರ್ಷ ನವೆಂಬರ್ 3ಕ್ಕೆ ಚುನಾವಣೆ. ಡಿಸೆಂಬರ್‌ನಲ್ಲಿ ಸಂದರ್ಶನ ಬಿದ್ದರೆ ಗೆದ್ದವರ ಹೆಸರು ಹೇಳಬೇಡಿ, ಹೊಸ ಕಾಂಗ್ರೆಸ್ ಕೂರುವುದು ಜನವರಿ 3ಕ್ಕೆ. ರೆಪ್ರೆಸೆಂಟೇಟಿವ್ ಯಾರು ಅಂತ ತಿಳಿಯಲು ಹೌಸ್ ಜಾಲತಾಣದಲ್ಲಿ ಜಿಪ್ ಕೋಡ್ ಹಾಕಿ.

ಬಿಸಿಲುಕುದುರೆ:
ನನ್ನ ಕಡೆಯಿಂದ ಒಂದು. ಎಲ್ಲರೂ ಸಿವಿಕ್ಸ್ ಸಿವಿಕ್ಸ್ ಅಂತ ಓದುತ್ತಾರೆ, ಎನ್-400 ಮರೆತುಬಿಡುತ್ತಾರೆ. ನಿಮ್ಮ ಮಾತನಾಡುವ ಇಂಗ್ಲಿಷ್ ಅಳೆಯುವುದೇ ಆ ಫಾರ್ಮ್‌ನ ಪ್ರಶ್ನೆಗಳಿಂದ. ಸಂವಿಧಾನವನ್ನು, ಇಲ್ಲಿಯ ಸರ್ಕಾರದ ಪದ್ಧತಿಯನ್ನು ಬೆಂಬಲಿಸುತ್ತೀರಾ ಅಂತ ಅದರಲ್ಲೇ ಕೇಳುತ್ತಾರೆ. ನಿಷ್ಠೆಯ ಪ್ರಮಾಣ ಅಂದರೆ ಏನು ಅಂತ ಕೇಳಿದರೆ ಒಂದು ಸಾಲು ಹೇಳಲು ಬರಬೇಕು. ಓದು-ಬರಹ ಸುಲಭ. ಮೂರು ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಕೇಳಿ ಬರೆಯಬೇಕು. ಏನಾದರೂ ಕೈತಪ್ಪಿದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಇದೆ, ತಪ್ಪಿದ ಭಾಗ ಮಾತ್ರ ಮತ್ತೆ.

ನದಿದಂಡೆ:
ಎಲ್ಲರಿಗೂ ಧನ್ಯವಾದ. ಪಟ್ಟಿಯನ್ನು ಕ್ರಮಸಂಖ್ಯೆಯಲ್ಲಿ ಓದುವುದು ಬಿಟ್ಟೆ. ಈಗ ಒಂದೊಂದು ಹುದ್ದೆ ಹಿಡಿದು ಅದಕ್ಕೆ ಸೇರಿದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಬರೆದುಕೊಳ್ಳುತ್ತಿದ್ದೇನೆ. ಕೊನೆಯದಾಗಿ ಒಂದು ಸಂದೇಹ. ನನ್ನ ತಂಗಿ ಇರುವುದು ವಾಷಿಂಗ್ಟನ್ ಡಿಸಿಯಲ್ಲಿ, ಮುಂದಿನ ವರ್ಷ ಅವಳದ್ದು. ಅವಳ ಸೆನೆಟರ್ ಯಾರು ಅಂತ ಹುಡುಕಿದರೆ ಯಾರೂ ಸಿಗುತ್ತಿಲ್ಲ.

ಹಳೇಬೇರು:
ಸಿಗುವುದಿಲ್ಲ, ಡಿಸಿ ರಾಜ್ಯವಲ್ಲ. ಸೆನೆಟರ್ ಹೆಸರು ಕೇಳಿದರೆ ಡಿಸಿಗೆ ಸೆನೆಟರ್ ಇಲ್ಲ ಅಂತಲೇ ಹೇಳಬೇಕು, ಅದೇ ಸರಿ ಉತ್ತರ. ಗವರ್ನರ್ ಪ್ರಶ್ನೆಗೂ ಹಾಗೇ. ಹೌಸ್‌ನಲ್ಲಿ ಅವರಿಗೆ ಮತ ಹಾಕುವ ಹಕ್ಕಿಲ್ಲದ ಒಬ್ಬ ಪ್ರತಿನಿಧಿ ಇರುತ್ತಾರೆ, ಆ ಹೆಸರು ಮಾತ್ರ ನೋಡಿಟ್ಟುಕೊಳ್ಳಲಿ.